ಬಂಪರು ಕಟ್ಟಿಕೊಂಡು ಸಿರುಗುಪ್ಪದಿಂದ ಬಳ್ಳಾರಿಗೆ

ಶುಕ್ರವಾರ ಬೆಳಿಗ್ಗೆ ಏಳರ ಹೊತ್ತಿಗೆ ಬಳ್ಳಾರಿ ಬಿಟ್ಟೆವು. ಹೊರಟವರು ನಾನು, ನನ್ನ ಅತ್ತೆ ಮತ್ತು ಹಿಂದಿನ ಸೀಟಿನಲ್ಲಿ ಎರಡು ಗಂಟು ಜೀನ್ಸ್ ಪ್ಯಾಂಟು. ಸಿರುಗುಪ್ಪದಲ್ಲಿ ಅತ್ತೆಯ ತಂಗಿಯ ಮೊಮ್ಮಗಳ ತೊಟ್ಟಿಲ ಶಾಸ್ತ್ರ. ಅದನ್ನು ಮುಗಿಸಿ, ಮಾರನೆಯ ದಿನ ಕುರುಗೋಡಿನ ಮೇಲೆ ಹಾದು ಮನೆ ಸೇರುವುದು ನನ್ನ ಯೋಜನೆ. ಕಾರು ಓಡಿಸುವವಳು ನಾನೇ. ಊರು ದಾಟಿಸಿ ಓಡಿಸುತ್ತಿದ್ದದ್ದು ಅದೇ ಮೊದಲು.

ನಮ್ಮ ಯಜಮಾನರು ಹಾರ್ಡ್‌ವೇರ್ ಅಂಗಡಿಗೆ ಹೋಗುವುದನ್ನು ಬಿಟ್ಟು ಗೇಟಿನ ತನಕ ಬಂದು ನಿಂತರು. ಟೈರಿಗೆ ಒದ್ದು ನೋಡಿದರು, ಕನ್ನಡಿ ತಿರುಗಿಸಿದರು. ಕೊನೆಗೆ ಬಗ್ಗಿ ಕಿಟಕಿಯಲ್ಲಿ ಮುಖ ಇಟ್ಟು, "ಗಿರಿಜಾ, ಈಗs ಹೇಳಿರ್ತೀನಿ. ಎಲ್ಲ್ಯಾರ ತಾಗಿಸ್ಕೊಂಡು ಬಂದ್ರ ಕೀಲಿ ನನ್ನ ಕೈಗೆ ಕೊಡಬೇಕು. ಆಮ್ಯಾಲ ಡ್ರೈವರ್ ಇಡೋಣು," ಎಂದರು.

"ಆತ್ರಿ" ಎಂದೆ. ಬೇರೆ ಏನು ಹೇಳಲಿ? ಆದರೆ ಆ ಮಾತು ನನಗೆ ಎಷ್ಟು ಭಾರ ಎಂಬುದು ಅವರಿಗೆ ತಿಳಿಯದು. ನನ್ನದೊಂದು ಸಣ್ಣ ಜೀನ್ಸ್ ಹೊಲಿಗೆ ಘಟಕವಿದೆ. ದಾರ ಕತ್ತರಿಸುವುದು, ಗುಂಡಿ ಹಚ್ಚುವುದು, ಇಂಥ ಕೆಲಸವನ್ನು ಕುರುಗೋಡಿನ ಹೆಂಗಸರಿಗೆ ಮನೆಗೇ ಒಯ್ದು ಕೊಡುತ್ತೇನೆ. ಬಸ್ಸಿನಲ್ಲಿ ಒಯ್ದರೆ ನನ್ನ ಟಿಕೆಟ್ಟಿಗಿಂತ ಗಂಟಿನ ಲಗೇಜ್ ಚಾರ್ಜೇ ಹೆಚ್ಚು, ಕಂಡಕ್ಟರನ ಗೊಣಗಾಟ ಬೇರೆ ಪುಕ್ಕಟೆ. ಡ್ರೈವರ್ ಇಟ್ಟರೆ ಉಳಿಯುವುದೆಲ್ಲ ಅವನ ಸಂಬಳಕ್ಕೇ ಹೋಗುತ್ತದೆ. ಕೀಲಿ ನನ್ನ ಕೈಯಲ್ಲಿದ್ದರೆ ಕುರುಗೋಡಿನ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ.

ಸಿರುಗುಪ್ಪ ಐವತ್ತೈದು ಕಿಲೋಮೀಟರಿನಷ್ಟು ದೂರ. ಬೆಳಗಿನ ಚಳಿ ಇನ್ನೂ ಹೋಗಿರಲಿಲ್ಲ. ಕಾಲುವೆ ನೀರಿನ ಸೀಮೆ ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಯಿತು. ಕೊಯ್ದ ಭತ್ತದ ಹಸಿ ವಾಸನೆ ಕಿಟಕಿಯಿಂದ ಒಳಗೆ ಬಂತು. ಅತ್ತೆ ಮೊದಲು ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದವರು, ಅರ್ಧ ದಾರಿಗೆ ಹಿಡಿಕೆ ಬಿಟ್ಟು ಎಲೆ ಅಡಿಕೆ ಚೀಲ ಬಿಚ್ಚಿದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಯಾರೂ ಕೊಟ್ಟಿಲ್ಲ.

ಊರು ಮುಟ್ಟಿ ಬಸ್‌ಸ್ಟ್ಯಾಂಡಿನ ಹತ್ತಿರ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಚಹಾ ಕುಡಿದೆವು. ಮಿರ್ಚಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಕೇಳಿ ತಿಂದೆ. ತೊಟ್ಟಿಲ ಮನೆಯಲ್ಲಿ ನನ್ನ ಕಾರಿನದೇ ಮಾತು. "ಬಳ್ಳಾರಿಯಿಂದ ಒಬ್ಬಾಕೀನs ಹೊಡ್ಕೊಂಡು ಬಂದಾಳ" ಎಂದು ಅತ್ತೆಯ ತಂಗಿ ಎಲ್ಲರಿಗೂ ಸಾರಿದರು. ನಾನೂ ಸ್ವಲ್ಪ ಉಬ್ಬಿದ್ದೆ ಎನ್ನಿ.

ಆ ಉಬ್ಬು ಇಳಿಯಲು ಒಂದು ರಾತ್ರಿ ಸಾಕಾಯಿತು.

ಶನಿವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ದೇಶನೂರಿನ ಹತ್ತಿರ ಬರುತ್ತಿದ್ದೆವು. ಕೊಯ್ಲಿನ ಕಾಲದಲ್ಲಿ ಈ ಕಡೆ ಅರ್ಧ ರಸ್ತೆ ವಾಹನಕ್ಕೆ, ಅರ್ಧ ಭತ್ತಕ್ಕೆ. ಡಾಂಬರಿನ ಬಿಸಿಗೆ ಚೆನ್ನಾಗಿ ಒಣಗುತ್ತದೆಂದು ಉದ್ದಕ್ಕೂ ಹರವಿರುತ್ತಾರೆ. ಗಾಡಿಗಳು ಹತ್ತಬಾರದೆಂದು ಅಂಚಿಗೆ ಸಾಲಾಗಿ ಕಲ್ಲು ಇಡುತ್ತಾರೆ. ಎದುರಿನಿಂದ ಬಸ್ಸೊಂದು ಹಾರ್ನ್ ಹೊಡೆಯುತ್ತ ನುಗ್ಗಿ ಬಂತು. ನಾನು ಎಡಕ್ಕೆ ಎಳೆದೆ. ಭತ್ತ ತಪ್ಪಿಸಿದೆ, ಬಸ್ಸನ್ನೂ ತಪ್ಪಿಸಿದೆ, ಆದರೆ ಕಲ್ಲು ತಪ್ಪಲಿಲ್ಲ. 'ಢಬ್' ಎಂದಿತು. ಇಳಿದು ನೋಡಿದರೆ ಎಡಗಡೆಯ ದೀಪ ಒಡೆದಿತ್ತು, ಬಂಪರಿನ ಒಂದು ತುದಿ ಕಳಚಿ ನೆಲಕ್ಕೆ ಜೋತಿತ್ತು. ಮೊದಲು ನೆನಪಾದದ್ದು ಗಾಯವಲ್ಲ, ದೇವರೂ ಅಲ್ಲ, ಕೀಲಿ.

ಅತ್ತೆಗೆ ಏನೂ ಆಗಿರಲಿಲ್ಲ. ಎಲೆ ಅಡಿಕೆ ಚೀಲ ಮಾತ್ರ ಕಾಲಬುಡಕ್ಕೆ ಚೆಲ್ಲಿತ್ತು. ಭತ್ತ ಹರವಿದ್ದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬಂದಳು. ಹೆಸರು ಯಂಕಮ್ಮ, ನನ್ನದೇ ವಯಸ್ಸಿನವಳು. "ಅಯ್ಯಯ್ಯೋ, ಎವ್ವಾ, ಪೆಟ್ಟಾತೇನು?" ಎಂದು ಅತ್ತೆಯ ಮೈ ಮುಟ್ಟಿ ಮುಟ್ಟಿ ನೋಡಿದಳು. ಹಿಂದೆಯೇ ಮಂದಿ ಕೂಡಿತು. ಊರಿನ ಹಿರಿಯರೊಬ್ಬರು ಕಾರಿನ ಸುತ್ತ ಬಂದು, "ಏಂ ಕಾಲೇದಮ್ಮಾ, ಏನೂ ಆಗಿಲ್ಲ, ಹೆದರಬ್ಯಾಡ್ರಿ. ಕಬ್ಬಿಣ ತಾನೆ, ಬರತೈತಿ," ಎಂದು ತೆಲುಗು ಕನ್ನಡ ಎರಡರಲ್ಲೂ ಸಮಾಧಾನ ಹೇಳಿದರು.

ನಂತರ ನಡೆದದ್ದು ನಮ್ಮ ಸೀಮೆಯ ನ್ಯಾಯ. ಹಿರಿಯರು ಎರಡು ನಿಮಿಷ ಯೋಚಿಸಿ ತೀರ್ಪು ಕೊಟ್ಟರು. ರಸ್ತೆಗೆ ಕಲ್ಲು ಇಟ್ಟದ್ದು ಯಂಕಮ್ಮ, ಆದ್ದರಿಂದ ಅವಳು ಒಂದು ಚೀಲ ಅಕ್ಕಿ ಕೊಡಬೇಕು, ಅಲ್ಲಿಗೆ ಮಾತು ಮುಗಿಯಿತು. ಯಂಕಮ್ಮ ಆಗಲೇ ಮನೆಯ ಕಡೆ ನಡೆದಳು. ರಸ್ತೆಯ ಪಕ್ಕದಲ್ಲೇ ಇದ್ದ ಅವಳ ಮನೆಯಿಂದ ಹೋದ ವರ್ಷದ ಹಳೆ ಅಕ್ಕಿಯ ಚೀಲ ಬಂದು ನನ್ನ ಜೀನ್ಸ್ ಗಂಟಿನ ಮೇಲೆ ಕೂತಿತು. ನಾನು ಬೇಡ ಎನ್ನುವಷ್ಟರಲ್ಲಿ ಅತ್ತೆ, "ಹಿರಿಯರ ಮಾತು, ಸುಮ್ನಿರು" ಎಂದು ಕೈ ಅದುಮಿದರು.

ಅದಾದ ಮೇಲೆ ವಿಮೆ ಕಂಪನಿಯ ನಂಬರಿಗೆ ಫೋನ್ ಮಾಡಿದೆ. ಎತ್ತಿದ ಹುಡುಗಿ ಬಲು ನಾಜೂಕು ಕನ್ನಡದವಳು. ಯಾರಿಗಾದರೂ ಪೆಟ್ಟಾಯಿತೇ, ಬೇರೆ ವಾಹನ ಇತ್ತೇ ಎಂದು ಕೇಳಿ, ಫೋಟೋ ಕಳಿಸಲು ಹೇಳಿದಳು. ಕಂಪನಿಯ ಸರ್ವೇಯರ್ ಹಾನಿ ನೋಡಿ ಅಳೆಯುವ ತನಕ ಎಲ್ಲೂ ರಿಪೇರಿ ಮಾಡಿಸಬೇಡಿ, ಸಂಜೆ ನಾಲ್ಕಕ್ಕೆ ಬಳ್ಳಾರಿಯ ಗ್ಯಾರೇಜಿಗೆ ತನ್ನಿ ಎಂದಳು. ಕೊನೆಗೆ, "ಮೇಡಂ, ಸ್ಥಳದಲ್ಲಿ ಯಾರಿಂದಾದರೂ ಪರಿಹಾರ ತೆಗೆದುಕೊಂಡಿದ್ದೀರಾ?" ಎಂದಳು.

ನಾನು ಹಿಂದಿನ ಸೀಟು ನೋಡಿದೆ. "ಅಕ್ಕಿ ಕೊಟ್ಟಾರ" ಎಂದೆ.

"ಏನು ಕೊಟ್ಟರು?"

"ಅಕ್ಕಿ. ಒಂದ್ ಚೀಲ."

ಪಾಪ, ಆ ಹುಡುಗಿಗೆ ಇಂಥ ಉತ್ತರ ಎಂದೂ ಬಂದಿರಲಿಕ್ಕಿಲ್ಲ. ಯಾರನ್ನೋ ಕೇಳಿಕೊಂಡು ಬಂದು ಬಿಡಿಸಿ ಹೇಳಿದಳು. ಹಾನಿಗೆಂದು ಬೇರೆಯವರಿಂದ ಏನಾದರೂ ಪಡೆದು, ಅದೇ ಹಾನಿಗೆ ಕಂಪನಿಯನ್ನೂ ಕೇಳಿದರೆ ತಕರಾರಾಗುತ್ತದೆ, ಹಿಂತಿರುಗಿಸಿಬಿಡಿ ಎಂದಳು. ಹಾಗಾದರೆ ನನಗೆಷ್ಟು ಬೀಳುತ್ತದೆ ಎಂದು ಕೇಳಿದೆ. ಆಗ ಎಕ್ಸೆಸ್ ಎಂಬುದರ ಕಥೆ ಬಂತು. ಪ್ರತಿ ಸಲ ಕ್ಲೇಮ್ ಮಾಡಿದಾಗಲೂ ಖರ್ಚಿನ ಮೊದಲ ಪಾಲು ಗಾಡಿಯವರದೇ, ಅದರ ಮೇಲಿನದಷ್ಟೇ ಕಂಪನಿಯದು. ಖರ್ಚು ಆ ಪಾಲಿನೊಳಗೇ ಮುಗಿದರೆ ಕಂಪನಿಯಿಂದ ಏನೂ ಬಾರದು. ನಮ್ಮ ಪಾಲಿಸಿಯಲ್ಲಿ ಎಲ್ಲರಿಗೂ ಕಡ್ಡಾಯವಾದ ಸಾವಿರ ರೂಪಾಯಿ, ಅದರ ಜೊತೆಗೆ ನಾವಾಗಿ ಒಪ್ಪಿ ಬರೆಸಿದ ಎರಡೂವರೆ ಸಾವಿರ.

ನಾವಾಗಿ ಎಂದರೆ ನಮ್ಮ ಯಜಮಾನರು. ಪಾಲಿಸಿ ಮಾಡಿಸುವ ದಿನ ನಾನೂ ಅಲ್ಲೇ ಕೂತಿದ್ದೆ. ಹೀಗೆ ಬರೆಸಿದರೆ ಕಂತು ಸ್ವಲ್ಪ ಇಳಿಯುತ್ತದೆ ಎಂದು ಏಜೆಂಟ್ ಹೇಳಿದ್ದೇ ತಡ, "ಬರೀರಿ, ಗಾಡಿ ಹೊಡಿಯಾವ ನಾನು. ತಾಗಿಸೋ ಮಾತs ಇಲ್ಲ," ಎಂದು ಎದೆಯುಬ್ಬಿಸಿ ಸಹಿ ಹಾಕಿದ್ದರು.

ಅಕ್ಕಿ ಹಿಂತಿರುಗಿಸಲು ಹೋದರೆ ಇನ್ನೊಂದು ಫಜೀತಿ. ಯಂಕಮ್ಮನ ಮುಖ ಬಿಳುಚಿಕೊಂಡಿತು. "ಯಾಕವ್ವಾ, ಸಾಲಲಿಲ್ಲೇನು? ಕೇಸ್ ಹಾಕ್ತೀರೇನು?" ಎಂದಳು. ಇಲ್ಲಿ ಒಪ್ಪಿ ಪಡೆದ ವಸ್ತುವನ್ನು ಹಿಂದೆ ಕೊಟ್ಟರೆ ರಾಜಿ ಮುರಿದಂತೆ. ಮುಂದಿನದು ಠಾಣೆ ಎಂದೇ ಅರ್ಥ. ಎಷ್ಟು ಹೇಳಿದರೂ ಅವಳು ಚೀಲ ಮುಟ್ಟಲೊಲ್ಲಳು.

"ಯಂಕಮ್ಮಾ, ನಿನ್ನ ಹೆಸರs ಅದರಾಗ ಬರಂಗಿಲ್ಲ. ನನ್ನ ಗಾಡಿ, ನನ್ನ ಪಾಲಿಸಿ. ಮೊದಲಿನ ಮೂರೂವರೆ ಸಾವಿರ ನಂದು, ಉಳಿದದ್ದು ಕಂಪನೀದು. ನಿಂದೇನೂ ಇಲ್ಲ," ಎಂದು ಕೈ ಹಿಡಿದು ಹೇಳಿದೆ.

"ಈಗ ಹಂಗಂತೀರಿ. ನಾಳೆ ಯಾರರ ಬಂದ್ರ?" ಎಂದು ಕಣ್ಣೀರು ಹಾಕಿದಳು.

ಆಗ ನನ್ನ ಅತ್ತೆ ಕಾರಿನಿಂದ ಇಳಿದರು. "ಒಲಿ ಹಚ್ಚಿಯೇನs ಯಂಕಮ್ಮಾ? ಆ ಚೀಲದಾಗಿಂದs ನಾಕ್ ಹಿಡಿ ಹಾಕು. ನಿಮ್ಮ ಮನ್ಯಾಗ ಉಂಡು ಹೋಗ್ತೀವಿ," ಎಂದರು. ಯಂಕಮ್ಮ ಅತ್ತೆಯ ಮುಖವನ್ನೇ ನೋಡಿದಳು. ಚೀಲವನ್ನು ತಾನೇ ಎಳೆದುಕೊಂಡು ಒಳಗೆ ಹೋದಳು. ಉಂಡ ಮನೆಯ ಮೇಲೆ ದೂರು ಕೊಡುವವರು ಈ ಸೀಮೆಯಲ್ಲಿಲ್ಲ. ಇದು ನನಗೂ ಗೊತ್ತಿತ್ತು, ಆದರೆ ಆ ಗಡಿಬಿಡಿಯಲ್ಲಿ ಹೊಳೆದಿರಲಿಲ್ಲ.

ಬಿಸಿ ಅನ್ನ, ಪುಂಡಿಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ. ಮಂಡಕ್ಕಿ ಮಿರ್ಚಿಗಿಂತ ಎಷ್ಟೋ ಪಾಲು ರುಚಿ. ಅನ್ನ ಬಡಿಸುವಾಗ ಯಂಕಮ್ಮ ಮೊದಲ ಸಲ ನಕ್ಕಳು. "ಇನ್ನಮ್ಯಾಲ ಕಲ್ಲು ಒಳಗ ಸರಿಸಿ ಇಡ್ತೀನಿ. ನೀವೂ ಬಸ್ಸಿಗೆ ಅಷ್ಟು ಹೆದರಬ್ಯಾಡ್ರಿ," ಎಂದಳು. ಉಂಡು ಎದ್ದ ಮೇಲೆ ನನ್ನ ಗಂಟಿಗೆ ಸುತ್ತಿದ್ದ ಜೀನ್ಸ್ ಬಟ್ಟೆಯ ಪಟ್ಟಿಗಳನ್ನು ಬಿಚ್ಚಿ ಬಂಪರನ್ನು ಬಿಗಿಯಾಗಿ ಕಟ್ಟಿದೆವು. ಗಂಟು ಹಾಕಿದವಳು ಯಂಕಮ್ಮನೇ.

ಒಳದಾರಿ ಹಿಡಿದು, ಬಾದನಹಟ್ಟಿ ದಾಟಿ ಕುರುಗೋಡು ಸೇರುವಾಗ ಬಿಸಿಲು ನೆತ್ತಿಯ ಮೇಲಿತ್ತು. ಕೆಲಸದ ಹೆಂಗಸರು ಬಂಪರು ನೋಡಿ ಬಾಯಿಯ ಮೇಲೆ ಕೈ ಇಟ್ಟರು. ಅವರಲ್ಲಿ ದೊಡ್ಡವಳಾದ ಶಿವಮ್ಮ, "ಅಕ್ಕಾ, ಮುಂದಿನ ವಾರ ಬರ್ತೀರಿಲ್ಲ?" ಎಂದು ಮೆಲ್ಲಗೆ ಕೇಳಿದಳು. ಬರುತ್ತೇನೆ ಎನ್ನುವ ಬದಲು "ನೋಡೋಣು" ಎಂದೆ. ಗಂಟು ಇಳಿಸಿ, ಹೋದ ವಾರದ್ದನ್ನು ಒಂದೊಂದಾಗಿ ನೋಡಿ, ಎಣಿಸಿ ತುಂಬಿಕೊಳ್ಳುವಷ್ಟರಲ್ಲಿ ಮೂರು ಗಂಟೆಯಾಯಿತು.

ಅಲ್ಲೇ ಯಜಮಾನರ ಫೋನ್ ಬಂತು. ಮುಚ್ಚಿಡದೆ ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದರೆ ಬೈಯಲಿಲ್ಲ. "ಪೆಟ್ಟಾಗಿಲ್ಲಲ್ಲ? ಅವ್ವ ಆರಾಮದಾಳಲ್ಲ?" ಎಂದು ಎರಡೆರಡು ಸಲ ಕೇಳಿದರು. ಆಮೇಲೆ ದನಿ ತಗ್ಗಿಸಿ, "ಕೇಳಿಲ್ಲೆ. ಗಾಡಿ ನಾನು ಹೊಡೀತಿದ್ದೆ ಅಂತ ಹೇಳೋಣು. ನಿನ್ನ ಲೈಸೆನ್ಸ್ ಮೊನ್ನೆ ಮೊನ್ನೆದು, ಕಂಪನಿಯವರು ರೊಕ್ಕ ಕೊಡಂಗಿಲ್ಲ," ಎಂದರು.

ಕುರುಗೋಡಿನಿಂದ ಬಳ್ಳಾರಿಗೆ ಮೂವತ್ತು ಕಿಲೋಮೀಟರೂ ಇಲ್ಲ. ಅಷ್ಟು ದಾರಿಯೂ ಅದೇ ಮಾತು ನನ್ನ ತಲೆ ತಿಂದಿತು. ಅವರ ಹೆಸರು ಹೇಳಿ ಹಣ ಬಂದರೆ ಮನೆಗೆ ಒಳ್ಳೆಯದೇ. ಆದರೆ ಬಳ್ಳಾರಿಯಿಂದ ಸಿರುಗುಪ್ಪದ ತನಕ ಓಡಿಸಿದ್ದೂ ಅವರೇ ಎಂದಾಗುತ್ತದೆ. ಮುಂದೆ ಯಾವ ಬಾಯಿಂದ ಕೀಲಿ ಕೇಳಲಿ? ನನಗೆ ಸಿಟ್ಟೂ ಬಂತು, ದುಃಖವೂ ಬಂತು. ಅತ್ತೆ ಕಣ್ಣು ಮುಚ್ಚಿ ಕೂತಿದ್ದರು, ನಿದ್ದೆ ಎಂದುಕೊಂಡೆ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಗ್ಯಾರೇಜ್ ಸೇರಿದೆವು. ಯಜಮಾನರು ಆಗಲೇ ಬಂದು ನಿಂತಿದ್ದರು. ಸರ್ವೇಯರ್ ಮೂವತ್ತು ದಾಟಿದ ಶಾಂತ ಮನುಷ್ಯ. ಜೀನ್ಸ್ ಪಟ್ಟಿ ಬಿಚ್ಚುತ್ತ, "ಭಾರಿ ಬಿಗಿ ಕಟ್ಟೀರಿ" ಎಂದು ನಕ್ಕ. ಫೋಟೋ ತೆಗೆದು, ಬಗ್ಗಿ ನೋಡಿ, ಕೊನೆಗೆ ಕೇಳಿದ: "ಯಾರು ಓಡಿಸ್ತಿದ್ರಿ?"

ಯಜಮಾನರು ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ, "ನಾನು" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಹೌದು, ನನ್ನ ಸೊಸೀನs," ಎಂದು ಹಿಂದಿನಿಂದ ಅತ್ತೆ ಹೇಳಿದರು. "ನಾ ಬಾಜೂಕ ಕುಂತಿದ್ದೆ. ಮುಂದಿಂದ ಬಸ್ ಬಂತು, ಆಕಿ ಎಡಕ್ಕ ತಗೊಂಡ್ಲು. ತಗೊಂಡಿಲ್ಲಂದ್ರ ನಾ ಈಗ ಇಲ್ಲಿ ಮಾತಾಡ್ತಿರಲಿಲ್ಲ."

ಸರ್ವೇಯರ್ ನನ್ನ ಲೈಸೆನ್ಸ್ ಕೇಳಿ ನೋಡಿದ. "ಸರಿ ಐತ್ರಿ. ಹೊಸದಾದ್ರೇನು, ಚಾಲ್ತಿ ಐತಲ್ಲ, ಅಷ್ಟs ಬೇಕು. ಭಾಳ ಮಂದಿ ಹೆಂಗಸರ ಬದ್ಲಿ ಗಂಡಸರ ಹೆಸರು ಹೇಳ್ತಾರ. ಸುಳ್ಳು ಅಂತ ಗೊತ್ತಾದ್ರ ಕ್ಲೇಮs ಪೂರಾ ಹೋಗತೈತಿ," ಎಂದ. ಯಜಮಾನರು ತಿರುಗಿ ಗೋಡೆಯ ಮೇಲಿನ ಟೈರಿನ ಜಾಹೀರಾತು ಓದತೊಡಗಿದರು.

ಗ್ಯಾರೇಜಿನವರು ಹದಿನಾಲ್ಕು ಸಾವಿರದ ಆಸುಪಾಸು ಅಂದಾಜು ಹಾಕಿದರು. ಹಳೆಯ ಬಿಡಿಭಾಗಗಳ ಸವಕಳಿಗೆಂದು ಹಣ ಕಳೆಯದ ಪಾಲಿಸಿ ಆಗಿದ್ದರಿಂದ ಎಕ್ಸೆಸ್ ಮೂರೂವರೆ ಸಾವಿರ ಬಿಟ್ಟು ಉಳಿದದ್ದನ್ನು ಕಂಪನಿ ಕಟ್ಟುತ್ತದೆ ಎಂದ ಸರ್ವೇಯರ್. ಮುಂದಿನ ವರ್ಷ ಕ್ಲೇಮ್ ಇಲ್ಲದವರಿಗೆ ಸಿಗುವ ರಿಯಾಯಿತಿ ಸಿಗದು, ಬರೀ ಗೀಚು ಬಿದ್ದಿದ್ದರೆ ಕೈಯಿಂದ ಕೊಡುವುದೇ ಲೇಸಿತ್ತು ಎಂದೂ ಹೇಳಿದ. ಬೆಳಿಗ್ಗೆಯಿಂದ ಎದೆಯ ಮೇಲಿದ್ದ ಬಂಡೆ ಇಳಿದಂತಾಯಿತು. ಯಜಮಾನರು ಮಾತ್ರ ಕೆಮ್ಮಿ, "ಆ ಎರಡೂವರೆ ಸಾವಿರ, ಅದು ನಾ ಬರೆಸಿದ್ದು," ಎಂದರು. ಯಾರೂ ಕೇಳಿರಲಿಲ್ಲ.

ಕಾರು ಅಲ್ಲೇ ಬಿಟ್ಟು ಮೂವರೂ ಆಟೋ ಹತ್ತಿದೆವು. ನಡುವೆ ಅತ್ತೆ, ಆಚೆ ಈಚೆ ನಾವಿಬ್ಬರು. ನಾನು ಕೀಲಿಯ ಮಾತು ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾಯುತ್ತಿದ್ದೆ. ಮನೆಯ ಓಣಿ ತಿರುಗುವಾಗ ಯಜಮಾನರು ರಸ್ತೆಯ ಕಡೆ ಮುಖ ಮಾಡಿಕೊಂಡೇ, "ಬುಧವಾರ ಗಾಡಿ ರೆಡಿ ಆಗತೈತಂತ. ನನಗ ಅಂಗಡ್ಯಾಗ ಕೆಲಸ ಐತಿ. ನೀನs ಹೋಗಿ ತಗೊಂಡು ಬಾ," ಎಂದರು.

ನನಗೆ ಅಲ್ಲೇ ಅಳು ಬಂದುಬಿಟ್ಟಿತು. ಅತ್ತೆ ನನ್ನ ತೊಡೆ ತಟ್ಟಿ, ಮಗನ ಕಡೆ ನೋಡದೆಯೇ, "ನಾನೂ ಬರ್ತೀನಿ. ಮುಂದಿನ ಸೀಟು ನಂದು," ಎಂದರು.