ಆಚೆ ದಡಕ್ಕೆ ಇಳಿಸಿದ ಅಜ್ಜ

ನಕ್ಸಲರನ್ನು ಹುಡುಕುತ್ತ ಪೊಲೀಸರು ಮಲಯಾಳ ಸೀಮೆಯ ಪುಲ್ಪಳ್ಳಿಯ ಸುತ್ತ ಕಾಡು, ಗದ್ದೆ ಒಂದನ್ನೂ ಬಿಡದೆ ತಿರುಗುತ್ತಿದ್ದ ವರ್ಷಗಳವು. ನನಗಾಗ ಹತ್ತೊಂಬತ್ತು. ಮರಕ್ಕಡವಿನಲ್ಲಿ ಕಬಿನಿಯ ಪಕ್ಕ ನಮ್ಮ ಗದ್ದೆ; ಹೊಳೆಯ ಆಚೆ ದಡ ಮೈಸೂರು ಸೀಮೆ. ಅಪ್ಪ ಮದುವೆಗೆ ಮೊದಲೇ ನಂಜನಗೂಡಿನ ಕಡೆಯಿಂದ ಬಂದು ನೆಲೆಸಿದವರು. ಹೊರಗಿನವರನ್ನೆಲ್ಲ ಗಡಿ ದಾಟಿಸುವ ಕಾನೂನು ಬರುತ್ತದಂತೆ ಎಂದು ಚಹಾದಂಗಡಿಯಲ್ಲಿ ಯಾರೋ ಹೇಳಿದ್ದು ಕೇಳಿದ ಮೇಲೆ ಅವರು ರೇಷನ್ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು.

ಕಾಡಿನ ಹಾಡಿಯಿಂದ ಅಜ್ಜನೊಬ್ಬ ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದ. ಅವನ ಅಜ್ಜನೂ ಅದೇ ಕಾಡಿನಲ್ಲಿ ಜೇನು ಕಿತ್ತವನು. ನೀರು ಎಲ್ಲಿ ನಿಲ್ಲುತ್ತದೆ, ಆನೆ ಎಲ್ಲಿ ಇಳಿಯುತ್ತದೆ ಎಂದು ಅಪ್ಪನಿಗೆ ತೋರಿಸಿಕೊಟ್ಟವನು ಅವನೇ.

ಒಂದು ಬೆಳಿಗ್ಗೆ, ನಾಟಿ ನಡೆಯುತ್ತಿದ್ದಾಗ, ಪೊಲೀಸರು ಗದ್ದೆಗೇ ಬಂದರು. ಅಪ್ಪ ಕಾರ್ಡು ತೋರಿಸಿದರು. ಅಜ್ಜನ ಬಳಿ ಏನೂ ಇರಲಿಲ್ಲ. ಊರು ಯಾವುದೆಂದು ಮಲಯಾಳದಲ್ಲಿ ಕೇಳಿದ್ದಕ್ಕೆ ಅವನು ತನ್ನ ಕನ್ನಡದಲ್ಲೇ, "ಇದೇಯಾ, ಇನ್ಯಾವುದು?" ಎಂದ. ಆ ಮಾತು ಕೇಳಿಯೇ ಅವನು ಮೈಸೂರು ಕಡೆಯವನೆಂದು ತೀರ್ಮಾನಿಸಿಬಿಟ್ಟರು.

"ಇವನು ಗೊತ್ತಾ?" ಎಂದು ಅಪ್ಪನನ್ನು ಕೇಳಿದರು.

"ಕೂಲಿಗೆ ಬರ್ತಾನೆ," ಎಂದರು ಅಪ್ಪ. ಅಷ್ಟೇ.

ನಾನೂ ಸಸಿಯ ಕಟ್ಟು ಬಿಚ್ಚಿ ನೆಡುವುದಕ್ಕೆ ಬಗ್ಗಿದೆ. ಅಜ್ಜನನ್ನು ದೋಣಿ ಹತ್ತಿಸಿ ಆಚೆ ದಡಕ್ಕೆ ಇಳಿಸಿ ಬಂದರು.

ಅಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ, "ಒಂದು ಅರ್ಜಿ ಬರಿ," ಎಂದರು. ಮಲಯಾಳ ಬರೆಯಲು ಬರುತ್ತಿದ್ದುದು ಮನೆಯಲ್ಲಿ ನನಗೊಬ್ಬಳಿಗೇ. 'ನಾನು ಈ ನೆಲಕ್ಕೆ ಬಂದವನು, ಆತ ಇಲ್ಲೇ ಹುಟ್ಟಿದವನು' ಎಂದು ಬರೆಸಿದರು.

ನಾನು ಪೆನ್ನು ನಿಲ್ಲಿಸಿದೆ. "ನೀವು ಬಂದವರು ಅಂತ ಬರೀಲೇಬೇಕಾ ಅಪ್ಪ?"

"ಅದನ್ನ ಬಿಟ್ಟು ಇದನ್ನ ಹೇಗೆ ಬರೀತೀಯಮ್ಮ?"

ವಿಲ್ಲೇಜ್ ಆಫೀಸಿಗೆ ನಾಲ್ಕು ಸಲ ಅಲೆದ ಮೇಲೆ ಅಜ್ಜನ ಹೆಸರಿಗೆ, ಅವನು ಇಲ್ಲಿಯವನೇ ಎಂದು ಒಂದು ಕಾಗದ ಸಿಕ್ಕಿತು. ಅಷ್ಟರಲ್ಲಿ ಅವನು ಬಿದಿರಿನ ತೆಪ್ಪದಲ್ಲಿ ಹೊಳೆ ದಾಟಿ ಬಂದು ಹಾಡಿಯಲ್ಲಿ ಅಡಗಿದ್ದ. ನಾವಿಬ್ಬರೂ ಅಲ್ಲಿಗೆ ಹೋದೆವು. ಕಾಗದದಲ್ಲಿ ಏನಿದೆಯೆಂದು ನಾನು ಓದಿ ಹೇಳಿದೆ.

"ಗೌಡ್ರೇ, ಇದನ್ನ ಆವತ್ತು ಬಾಯಲ್ಲೇ ಹೇಳಬಹುದಿತ್ತಲ್ಲ," ಎಂದ.

"ಹೆದರಿಬಿಟ್ಟೆ," ಎಂದರು ಅಪ್ಪ.

ಅಜ್ಜ ಕಾಗದವನ್ನು ಮಡಿಸಿ ಸೂರಿಗೆ ಸಿಕ್ಕಿಸಿದ. ಆಮೇಲೆ ಅವನನ್ನು ಯಾರೂ ಹಿಡಿಯಲಿಲ್ಲ. ನಮ್ಮ ಗದ್ದೆಗೆ ಮಾತ್ರ ಅವನು ಮತ್ತೆ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ನನ್ನ ಜೊತೆ ಎರಡು ಮಾತಾಡುತ್ತಿದ್ದ. ಅಪ್ಪ ಎದುರಾದರೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ, ಗುರುತಿಲ್ಲದವರಿಗೆ ದಾರಿ ಬಿಡುವ ಹಾಗೆ.