ಬಾಗಿಲ ಕಡೆ ಮುಖ

ಹೊಂಬಳದ ಮರ್ದಾನಸಾಬ ಕಾರ್ಗಿಲ್ಲಿನಿಂದ ಸೊಂಟದಲ್ಲಿ ಕಬ್ಬಿಣದ ಚೂರಿನೊಂದಿಗೆ ಬಂದವನು. ಚೂರು ತೆಗೆದರು, ನೋವು ಹೋಗಲಿಲ್ಲ. ಗದಗ ಜಿಲ್ಲೆಯಾಗಿ ಆಗ ಐದಾರು ವರ್ಷ. ಉಳುಕು, ಸೊಂಟ ತಿಕ್ಕುವ ಮುದುಕಿ ನಾನು; ಅವನ ಹೆಂಡತಿ ನಜಮಾ ನನ್ನನ್ನು ಕರೆಸಿದಳು.

ಮಗಳು ಯಾಸ್ಮೀನ ಬಾಣಂತನಕ್ಕೆ ಬಂದಿದ್ದಳು. ಕೂಸು ಫಿಜಾಗೆ ತಿಂಗಳಾದರೂ ಅಜ್ಜ ಎತ್ತಿಕೊಂಡಿರಲಿಲ್ಲ.

"ಸೊಂಟ ಹಿಡದೈತಿ, ಆಗೂದಿಲ್ಲ" ಎನ್ನುತ್ತಿದ್ದ.

ಐದನೆಯ ತಿಂಗಳಿಗೆ ಬೀಗರು ಬಂದು ತಾಯಿ-ಕೂಸನ್ನು ಕರೆದೊಯ್ಯುವವರು. ಅಷ್ಟರೊಳಗೆ ಒಮ್ಮೆಯಾದರೂ ಎತ್ತಿಕೊಳ್ಳಲಿ ಎಂದು ನಜಮಾಗೆ ಆಸೆ.

ಗಂಡಸರನ್ನು ತಿಕ್ಕುವಾಗ ಬಾಗಿಲು ಅರೆ ಮುಚ್ಚಿ, ಗೋಡೆಯ ಕಡೆ ಮುಖ ಮಾಡಿಸಿ ಮಲಗಿಸುವುದು ನನ್ನ ರೂಢಿ. ಅವರಿಗೂ ನಾಚಿಕೆಯಿಲ್ಲ, ನನಗೂ ಇಲ್ಲ. ಎಂಟು ದಿನ ಬಿಸಿ ಔಡಲೆಣ್ಣೆ ಹಾಕಿ ತಿಕ್ಕಿದೆ. ಬೆನ್ನು ಇನ್ನಷ್ಟು ಬಿಗಿಯಿತು. ಓಣಿಯಲ್ಲಿ ಚಪ್ಪಲಿ ಸಪ್ಪಳವಾದರೆ ಉಸಿರೇ ಹಿಡಿಯುತ್ತಿದ್ದ.

ಒಂಬತ್ತನೆಯ ದಿನ ನಜಮಾ ಸದ್ದಿಲ್ಲದೆ ಹಿಂದಿನಿಂದ ಬಂದು ಬಟ್ಟೆ ಸುತ್ತಿದ ಬಿಸಿ ಇಟ್ಟಿಗೆಯನ್ನು ಅವನ ಸೊಂಟಕ್ಕೆ ಇಟ್ಟಳು. ಅವನು ಹಾರಿ ಎದ್ದ. ಎಣ್ಣೆ ಬಟ್ಟಲು ಉರುಳಿತು. ಮೈತುಂಬ ಬೆವರು.

"ತಪ್ಪಾತಬೇ ಯವ್ವಾ. ಬಾಗಲಾ ಬೆನ್ನ ಹಿಂದ ಇದ್ರ ಬಂದವ್ರು ಕಾಣೂದಿಲ್ಲ" ಎಂದ ನನಗೆ.

"ಇಲ್ಲಿ ಯಾರ ಬರ್ತಾರಪಾ?" ಎಂದೆ.

"ಯಾರೂ ಬರೂದಿಲ್ಲ. ಖರೆ, ಮೈ ಕೇಳೂದಿಲ್ಲ." ಮೆಲ್ಲಗೆ ಅಂದ, "ಕೂಸು ಕೈಯಾಗಿದ್ದಾಗ ಹಿಂಗ ಹಾರಿದ್ರ?"

ಅಲ್ಲಿಯವರೆಗೆ ನಾನು ಬರೀ ಸೊಂಟ ತಿಕ್ಕಿದ್ದೆ.

"ಇದನ್ನ ದವಾಖಾನ್ಯಾಗ ಹೇಳಿಯೇನು?"

"ಮಿಲಿಟ್ರಿ ಹವಾಲ್ದಾರ ಅದೀನಿ. ಅಂಜಿಕಿ ಬರ್ತೈತಿ ಅಂತ ಹೆಂಗ ಹೇಳ್ಲಿ?"

"ನನ್ನ ಅಚ್ಚೇರು ಎಣ್ಣಿ ಚೆಲ್ಲಿದ ಹವಾಲ್ದಾರ! ನಾಳೆ ಬಸ್ ಹತ್ತು, ನಾನೂ ಬರ್ತೀನಿ."

ಗದಗಿನಲ್ಲಿ ಮನಸ್ಸಿನ ಡಾಕ್ಟರಮ್ಮ ಎಲ್ಲ ಕೇಳಿ, ಎಲುಬಿನ ಡಾಕ್ಟರನ್ನೂ ಕರೆಸಿ ಮಾತಾಡಿದಳು. ಗುಳಿಗೆ ಕೊಟ್ಟರು, ಉಸಿರಾಟ ಕಲಿಸಿದರು, ದಿನಾ ಇಷ್ಟು ನಡೆಯಬೇಕೆಂದರು. ನನಗೂ ಹೇಳಿದಳು: "ಮುಟ್ಟೋಕಿಂತ ಮೊದಲು ಹೇಳಿ ಮುಟ್ಟಿ ಅಜ್ಜಿ. ಜೋರಾಗಿ ಒತ್ತಬೇಡಿ."

ಅಂದಿನಿಂದ ಬಾಗಿಲು ತೆರೆದಿಟ್ಟು, ಅವನನ್ನು ಅದರ ಕಡೆಗೇ ಮುಖ ಮಾಡಿ ಮಲಗಿಸಿದೆ. ನಾಚಿಕೆ ನನ್ನದಾಯಿತು, ಬೆನ್ನು ಸಡಿಲಾಯಿತು. ವಾರಕ್ಕೊಮ್ಮೆ ಗದಗಿಗೆ ಹೋಗಿ ಬರುತ್ತಿದ್ದ. ಕೆಟ್ಟ ದಿನಗಳೂ ಇದ್ದವು.

ಬೀಗರು ಬರುವ ದಿನ ಮರ್ದಾನಸಾಬ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ನೋಡುತ್ತ ಕೂತ. "ಕೊಡು" ಎಂದ. ಯಾಸ್ಮೀನ ಕೂಸನ್ನು ಕೊಟ್ಟಳು. ಅಷ್ಟರಲ್ಲಿ ಹೊರಗೆ ಬೀಗರ ಜೀಪಿನ ಬಾಗಿಲು ದಡ್ ಎಂದಿತು. ಅವನು ಬೆಚ್ಚಿದ. ಕೈಗಳು ಕೂಸಿನ ಸುತ್ತ ಬಿಗಿದವು.

ಯಾಸ್ಮೀನ ಕೈ ಚಾಚಿದಳು.

"ಇರ್ಲಿ ಬಿಡು."

"ಸೊಂಟ ನೋಯಾಕತ್ತಿಲ್ಲೇನ್ರಿ?" ಎಂದಳು ನಜಮಾ.

"ನೋಯಾಕತ್ತೈತಿ. ಬೀಗರಿಗೆ ಚಾ ಕೊಡ್ರಿ, ಜಲ್ದಿ ಏಳಬಾರ್ದು ಅವ್ರು."