ಬೆರಳು ಓದುವ ಗಾಜಿನ ಹಿಂದಿನ ಕೈ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಳಸದಿಂದ ಸಂಸೆಗೆ ಹೋಗುವ ದಾರಿಯ ಬದಿಯ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಹಾಜರಿ ಹಾಕುವ ಮಸ್ಟರ್ ಶೆಡ್ಡಿನಲ್ಲಿ ಸೌಮ್ಯ ಮೊಣಕಾಲೂರಿ ಕುಳಿತಿದ್ದಾರೆ. ಕಂಬಕ್ಕೆ ಬಿಗಿದ ಅಂಗೈಯಗಲದ ಪರದೆಯ ಅಂಚನ್ನು ಟಾರ್ಚ್ ಹಿಡಿದು ನೋಡುತ್ತಿದ್ದಾರೆ. ಹಿಂದೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಹೆಂಗಸರ ಸಾಲು. ಗಾಜಿನ ಮೇಲೆ ಬೆರಳಿಟ್ಟರೆ ಅದರಲ್ಲೇ ಹೆಸರು ಮೂಡಬೇಕು, ಮೂಡಿದರೆ ಹಾಜರಿ. ಮಳೆ ಹಿಡಿದಾಗಿನಿಂದ ಮೂಡುತ್ತಿಲ್ಲ.

"ಸಾಹುಕಾರ್ರು ಹೇಳಿಯಾಯ್ತು," ಎನ್ನುತ್ತಾರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಂಜಯ್ಯ. "ಇವತ್ತೂ ಹೆಸರು ಬರ್ಲಿಲ್ಲ ಅಂದ್ರೆ ಬಿಚ್ಚಿ ನಿಮ್ ಕೈಗೇ ಕೊಟ್ಟು ಕಳ್ಸಿ ಅಂತ. ನಂಗೇನು ಖುಷಿ ಇಲ್ಲ ಮತ್ತೆ."

ಬಿಚ್ಚಿದರೆ ಏನಾಗುತ್ತದೆಂದು ಸೌಮ್ಯ ಬಲ್ಲರು. ಇಂಥ ಪರದೆಗಳನ್ನು ತಯಾರಿಸುವ, ಅವರು ಕೆಲಸ ಮಾಡುವ ಚಿಕ್ಕಮಗಳೂರಿನ ಪುಟ್ಟ ಘಟಕ ಸದ್ಯಕ್ಕೆ ನಿಂತಿರುವುದೇ ಈ ಎಸ್ಟೇಟಿನ ಪ್ರಯೋಗದ ಮೇಲೆ. ಇದು ಕೈತಪ್ಪಿದರೆ ಬಾಗಿಲು ಹಾಕುವುದೊಂದೇ ಉಳಿದದ್ದು.

ಈ ಪರದೆ ತೋರಿಸುತ್ತದೆ, ನೋಡುತ್ತದೆ ಕೂಡ. ಗಾಜಿನ ಹಿಂದೆ ಇಂಗಾಲದ ಸಂಯುಕ್ತಗಳಿಂದ ಮಾಡಿದ ತೆಳು ಹಾಳೆಯೊಂದಿದೆ. ಪರದೆಯ ಬೆಳಕು ಬೆರಳಿಗೆ ಬಡಿದು ಹಿಂದಿರುಗಿದಾಗ ಆ ಹಾಳೆ ಅದನ್ನು ಹಿಡಿದು, ಬೆರಳಿನ ಗೆರೆಗಳ ಚಿತ್ರ ಕಟ್ಟಿಕೊಳ್ಳುತ್ತದೆ. ಪುಸ್ತಕಗಳಲ್ಲಿ ಇದಕ್ಕೆ ಸಾವಯವ ಬೆಳಕಿನ ಸಂವೇದಕ ಎಂದು ಹೆಸರು. ಮೊದಲ ದಿನ ಮಂಜಯ್ಯ ಅದನ್ನು ಕೇಳಿ, "ಹಂಗಾದ್ರೆ ಸಗಣಿ ಗೊಬ್ಬರ ಹಾಕಿದ್ರೆ ಚೆನ್ನಾಗಿ ಬರತ್ತಾ?" ಎಂದಿದ್ದರಂತೆ.

ಹಾಳೆಯನ್ನು ಪರದೆಯ ಬೆನ್ನಿಗೆ ಅಂಟಿಸುವುದು ಸೌಮ್ಯ ಅವರ ಕೆಲಸ. ನಡುವೆ ಗಾಳಿಯ ಗುಳ್ಳೆ ನಿಲ್ಲಬಾರದು, ಧೂಳಿನ ಕಣ ಸೇರಬಾರದು. ಆಮೇಲೆ ಸುತ್ತ ಅಂಟು ಎಳೆದು ಮುಚ್ಚಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ಮಲೆನಾಡಿನ ತೇವ ಒಳಗಿಳಿಯುತ್ತದೆ, ಹಾಳೆ ಕುರುಡಾಗುತ್ತದೆ. ಮೊದಲ ಮಳೆಗಾಲದಲ್ಲಿ ಅವರು ಮುಚ್ಚಿದ್ದ ಪರದೆಗಳೆಲ್ಲ ಹಾಗೇ ಹೋದವು. ದಿನಕ್ಕೆ ಏಳೆಂಟು ಪರದೆ ಮುಗಿದರೆ ಹೆಚ್ಚು.

"ಬಳೆ ಇಲ್ಲ, ಪೌಡರ್ ಇಲ್ಲ, ಹೂ ಮುಡಿಯೋ ಹಂಗಿಲ್ಲ. ಪರಾಗ ಬಿದ್ರೂ ಕಷ್ಟ," ಎನ್ನುತ್ತಾರೆ. "ನಮ್ ಅತ್ತೆ ಕೇಳ್ತಾರೆ, ಇದ್ಯಾವ ದೇವರ ವ್ರತನೇ ಅಂತ."

ಮೂಡಿಗೆರೆ ಕಡೆಯ ಸೌಮ್ಯ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದಾಗ ಕೆಲಸ ಸಿಗಲಿಲ್ಲ. ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿ ಬೀಜ ಆರಿಸಲು ಹೋದರು. ಕಪ್ಪು ಬೀಜ ಒಂದು ಕಡೆ, ಒಡೆದದ್ದು ಇನ್ನೊಂದು ಕಡೆ. ಸಂಜೆಗೆ ಕಣ್ಣು ಉರಿಯುತ್ತಿತ್ತು. ಹೊಸ ಘಟಕಕ್ಕೆ ಜನ ಬೇಕು ಎಂಬ ಮಾತು ಅಲ್ಲಿಯೇ ಕಿವಿಗೆ ಬಿತ್ತು. "ಅಲ್ಲಿ ಕಲ್ತಿದ್ದು ಒಂದೇ, ಕೂತ ಕಡೆ ಕೂರೋದು," ಎನ್ನುತ್ತಾರೆ.

ಶೆಡ್ಡಿನಲ್ಲಿ ಈಗ ನಂಜಮ್ಮನ ಸರದಿ. ಈ ತೋಟದಲ್ಲಿ ಅವರೇ ಹಿರಿಯ ಆಳು. ಬೆರಳಿಡುತ್ತಾರೆ. ಹೆಸರಿಲ್ಲ. ಸೀರೆಗೆ ಒರೆಸಿ ಮತ್ತೆ ಇಡುತ್ತಾರೆ. ಇಲ್ಲ.

"ನಿನ್ ಗಾಜಿಗೆ ನನ್ ಮೇಲೆ ಏನು ಸಿಟ್ಟೇ ಹುಡ್ಗಿ?"

ಪರದೆಯ ಅಂಚಿನಲ್ಲಿ ತೇವದ ಗುರುತಿಲ್ಲ. ಸೌಮ್ಯ ಗಾಜನ್ನು ಓರೆಯಾಗಿ ನೋಡುತ್ತಾರೆ. ಜಿಡ್ಡು. ಮೂಸಿದರೆ ಹೊಗೆಸೊಪ್ಪು. ಮಳೆಗಾಲದಲ್ಲಿ ರಕ್ತ ಹೀರುವ ಇಂಬಳ ಹತ್ತದಿರಲಿ ಎಂದು ಹೆಂಗಸರು ಹೊಗೆಸೊಪ್ಪು, ಸುಣ್ಣ ಕಲಸಿದ ಎಣ್ಣೆಯನ್ನು ಕಾಲಿಗೆ ತಿಕ್ಕಿಕೊಂಡೇ ಮನೆ ಬಿಡುತ್ತಾರೆ. ಅದೇ ಕೈ ಗಾಜಿನ ಮೇಲೆ. ಬೆರಳಿನ ಗೆರೆಗಳ ನಡುವೆ ಎಣ್ಣೆ ತುಂಬಿಕೊಂಡು ಪರದೆಗೆ ಎಲ್ಲವೂ ಸಪಾಟಾಗಿ ಕಾಣುತ್ತಿದೆ.

"ಅಷ್ಟೇ ತಾನೇ? ಸೋಪಿಡ್ತೀನಿ, ತೊಳ್ಕೊಂಡು ಬೆರಳಿಡ್ಲಿ," ಎನ್ನುತ್ತಾರೆ ಮಂಜಯ್ಯ.

"ತೊಳ್ಕೊಂಡ್ ಕೈಯಲ್ಲಿ ಕಾಲು ಮುಟ್ಟಿದ್ರೆ ಮತ್ತೆ ಎಣ್ಣೆ ಅಲ್ವಾ?" ನಂಜಮ್ಮ ಸೊಂಟಕ್ಕೆ ಕೈ ಕೊಡುತ್ತಾರೆ. "ಸಂಜೆ ಮತ್ತೊಂದ್ಸಲ ಬೆರಳಿಡ್ಬೇಕು. ಇಂಬಳಕ್ಕೇ ಹೇಳಿ ಮಾರಾಯ್ರೆ, ಒಂದು ವಾರ ರಜ ಹಾಕು ಅಂತ."

ಸಾಲು ನಗುತ್ತದೆ. ಸೌಮ್ಯ ನಗುವುದಿಲ್ಲ. ಜನವರಿಯಲ್ಲಿ ಇವರ ಬೆರಳಿನ ಚಿತ್ರ ಮೊದಲ ಸಲ ತೆಗೆದುಕೊಂಡದ್ದು ಅವರೇ. ಹೊಸ ವಸ್ತು ಮುಟ್ಟಬೇಕು ಎಂದು ಹೆಂಗಸರು ಕಾಫಿ ಹಣ್ಣು ಕೊಯ್ದ ಕರೆಯನ್ನು ನಿಂಬೆಹೋಳಿನಿಂದ ತಿಕ್ಕಿ ತೆಗೆದು, ಒಳ್ಳೆ ಸೀರೆ ಉಟ್ಟು, ದೇವರ ಮನೆಗೆ ಬರುವ ಹಾಗೆ ಬಂದಿದ್ದರು. ಚಿತ್ರಗಳು ಎಷ್ಟು ಸ್ಪಷ್ಟವಾಗಿ ಬಂದವೆಂದರೆ ಸೌಮ್ಯ ಅವರಿಗೆ ಅನುಮಾನವೇ ಬರಲಿಲ್ಲ. ಪರದೆಗೆ ಗೊತ್ತಿರುವುದು ಇವರ ಹಬ್ಬದ ಕೈ. ದುಡಿಯುವ ಕೈಯನ್ನು ಅದು ನೋಡೇ ಇಲ್ಲ.

"ತಪ್ಪು ನಂದೇ ಮಂಜಯ್ಯನೋರೆ. ಕೈ ತೊಳೆಯೋದು ಬೇಡ. ಇದೇ ಕೈ ಚಿತ್ರ ಇನ್ನೊಂದ್ಸಲ ತಗೋತೀನಿ."

"ಈಗ್ಲಾ? ಕಳೆ ತೆಗೆಯೋ ಕೆಲ್ಸ ಹಾಗೇ ನಿಂತಿದೆಯಲ್ರೀ."

"ಒಂದ್ ಗಂಟೆ ಕೊಡಿ. ಆಗ್ಲಿಲ್ಲ ಅಂದ್ರೆ ನಾನೇ ಬಿಚ್ಕೊಂಡು ಹೋಗ್ತೀನಿ."

ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸುತ್ತಾರೆ. ಬೆರಳಿಟ್ಟಾಗ ಪರದೆ ಬೆಳಗುವ ಹೊತ್ತನ್ನು ಸ್ವಲ್ಪ ಹಿಗ್ಗಿಸುತ್ತಾರೆ, ಎಣ್ಣೆಯ ನಡುವೆಯೂ ಗೆರೆ ಕಾಣುವಷ್ಟು. ಹೆಂಗಸರು ಒಬ್ಬೊಬ್ಬರಾಗಿ ಬಂದು ಬೆರಳಿಟ್ಟು ಪಕ್ಕಕ್ಕೆ ಸರಿಯುತ್ತಾರೆ. ಚಿತ್ರಗಳು ಮಂಕು, ಆದರೆ ಗೆರೆಗಳಿವೆ. ಕೊನೆಯವರದು ಮುಗಿಯುವಷ್ಟರಲ್ಲಿ ಮಂಜಯ್ಯ ಎರಡು ಸಲ ಗೇಟಿನವರೆಗೆ ಹೋಗಿ ಬಂದಿದ್ದಾರೆ.

ಮತ್ತೆ ಸಾಲು, ಈಗ ಹಾಜರಿಗೆ. ನಂಜಮ್ಮ ಮುಂದೆ ಬಂದು, ಬೇಕೆಂದೇ ಕಾಲಿಗೆ ಇನ್ನೊಮ್ಮೆ ಕೈಯಾಡಿಸಿ ಬೆರಳಿಡುತ್ತಾರೆ. ಪರದೆ ಒಂದು ಕ್ಷಣ ಹಸಿರಾಗಿ, 'ನಂಜಮ್ಮ' ಎಂದು ತೋರಿಸುತ್ತದೆ. ನಂಜಮ್ಮನಿಗೆ ಓದು ಬಾರದು.

"ಬಂತೇನೇ?"

"ಬಂತು ನಂಜಮ್ಮ."

"ಹಬ್ಬಕ್ಕೆ ಕೈ ತೊಳೆದ್ರೆ ಮತ್ತೆ ಮರ್ತುಬಿಡತ್ತೋ ಏನೋ."

"ಅದೂ ಇದೆ, ಇದೂ ಇದೆ. ಎರಡೂ ಕೈ ಇಟ್ಕೊಂಡಿದೀನಿ."

ಮಂಜಯ್ಯ ಫೋನ್ ಹಿಡಿದು ಹೊರಗೆ ಹೋಗುತ್ತಾರೆ. "ಇರ್ಲಿ ಸಾಹುಕಾರ್ರೆ, ಬಿಚ್ಚೋದು ಬೇಡ," ಎನ್ನುವುದು ಮಳೆಯ ಸದ್ದಿನಲ್ಲೂ ಒಳಗೆ ಕೇಳುತ್ತದೆ.

ಮುಂದೆ ಏನಾಗಬೇಕೆಂಬ ಆಸೆ ಎಂದು ಕೇಳಿದರೆ ಸೌಮ್ಯ ತಂತಿ ಸುತ್ತುತ್ತಲೇ ಉತ್ತರಿಸುತ್ತಾರೆ. "ಆಸೆ ಏನಿಲ್ಲ. ಈ ಕಂಬದ ಹತ್ರ ಯಾರೂ ನಿಲ್ಬಾರ್ದು. ಬೆರಳಿಟ್ರಾ, ಮಾತಾಡ್ತಾ ಮುಂದೆ ಹೋದ್ರಾ, ಅಷ್ಟೆ. ಗಾಜಿನ ಹಿಂದೆ ಏನೋ ಇದೆ ಅಂತ ಅವ್ರಿಗೆ ನೆನಪೂ ಆಗ್ಬಾರ್ದು."